ಗುಂಡಿನ ತೂಕವಲ್ಲ, ಉದ್ದ: ವೇಗ ತಿರುಪಿನ ಸಣ್ಣ ರೈಫಲ್‌ಗೆ ಗುಂಡು ಆಯುವ ಬಗೆ

1955ನೇ ಇಸವಿಯಲ್ಲಿ ಅಮೆರಿಕದ ಎರಡು ಹಳೆಯ ಬಂದೂಕು ಕಂಪನಿಗಳು ಒಂದೇ ವ್ಯಾಸದ, ಹೆಚ್ಚು ಕಡಿಮೆ ಒಂದೇ ಶಕ್ತಿಯ ಎರಡು ತೋಟಾಗಳನ್ನು ಒಟ್ಟೊಟ್ಟಿಗೆ ಮಾರುಕಟ್ಟೆಗೆ ತಂದವು. ವಿಂಚೆಸ್ಟರ್ ಕಂಪನಿಯದು .243 ವಿಂಚೆಸ್ಟರ್, ರೆಮಿಂಗ್ಟನ್ ಕಂಪನಿಯದು.244 ರೆಮಿಂಗ್ಟನ್. ಹೆಸರಿನಲ್ಲಿ ಒಂದಂಕಿಯ ಅಂತರವಿದ್ದರೂ ಎರಡರ ಗುಂಡಿನ ವ್ಯಾಸವೂ ಇಂಚಿನ ಸಾವಿರದ 243 ಭಾಗವೇ, ಅಂದರೆ 6.17 ಮಿಲಿಮೀಟರ್. ಮದ್ದು ಹಿಡಿಯುವ ಸಾಮರ್ಥ್ಯದಲ್ಲಿ ರೆಮಿಂಗ್ಟನ್ನಿನ ತೋಟಾ ತುಸು ಮೇಲೆಂದೇ ಹೇಳಬೇಕು. ಆದರೂ .243 ವಿಂಚೆಸ್ಟರ್ ಇಂದಿಗೂ ಜಗತ್ತಿನಾದ್ಯಂತ ಮಾರಾಟವಾಗುತ್ತಿದೆ; .244 ಎಂಬ ಹೆಸರು ಎಂಟು ವರ್ಷಗಳೊಳಗೆ ಅಂಗಡಿಯ ಕಪಾಟಿನಿಂದ ಇಳಿಯಿತು.

ಈ ಸೋಲಿಗೆ ಕಾರಣ ಮದ್ದಲ್ಲ, ಬೆಲೆಯಲ್ಲ, ಜಾಹೀರಾತೂ ಅಲ್ಲ. ನಳಿಕೆಯ ಒಳಮೈಯಲ್ಲಿ ಕೊರೆದಿರುವ ಸುರುಳಿ ತೋಡುಗಳು ಎಷ್ಟು ಇಂಚಿಗೊಮ್ಮೆ ಒಂದು ಪೂರ್ಣ ಸುತ್ತು ಹಾಕುತ್ತವೆ ಎಂಬ ಒಂದೇ ಅಳತೆಯಲ್ಲಿ ರೆಮಿಂಗ್ಟನ್ನಿನ ತಜ್ಞರು ತಮ್ಮ ಅಂದಿನ ಗಿರಾಕಿಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಹೊಲಗದ್ದೆಗಳನ್ನು ಕೊರೆಯುವ ವುಡ್‌ಚಕ್ ಮೊದಲಾದ ಸಣ್ಣ ಪ್ರಾಣಿಗಳ ಬೇಟೆಗೆ 75 ಗ್ರೇನ್ ಗುಂಡು, ಹೆಚ್ಚೆಂದರೆ 90 ಗ್ರೇನ್ ಗುಂಡು ಸಾಕೆಂದು ಭಾವಿಸಿ, ಅದಕ್ಕೆ ಒಪ್ಪುವಂತೆ 12 ಇಂಚಿಗೆ ಒಂದು ಸುತ್ತಿನ ತಿರುಪು ಕೊಟ್ಟರು. ವಿಂಚೆಸ್ಟರ್ ಕಂಪನಿಯಾದರೋ ಅದೇ ರೈಫಲ್‌ನಿಂದ ಜಿಂಕೆಯನ್ನೂ ಹೊಡೆಯಬಯಸುವ ಗಿರಾಕಿಯನ್ನು ನೆನೆದು, 100 ಗ್ರೇನ್ ಗುಂಡಿಗೂ ಸಾಕಾಗುವ 10 ಇಂಚಿನ ತಿರುಪು ಕೊಟ್ಟಿತು. ಎರಡು ರೈಫಲ್ ಕೊಳ್ಳಲಾರದ ಗ್ರಾಹಕ ಎರಡು ಕೆಲಸಕ್ಕೂ ಒದಗುವ ಒಂದನ್ನು ಆರಿಸಿಕೊಂಡನು. ರೆಮಿಂಗ್ಟನ್ ಮುಂದೆ ತಿರುಪನ್ನು 9 ಇಂಚಿಗೆ ಬದಲಿಸಿತು. 1963ರಲ್ಲಿ ಅದೇ ತೋಟಾಕ್ಕೆ 6 ಎಂಎಂ ರೆಮಿಂಗ್ಟನ್ ಎಂದು ಹೊಸ ಹೆಸರನ್ನೂ ಇಟ್ಟಿತು. ತೋಟಾದ ಆಕಾರ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಆದರೆ ಹೋದ ಮಾರುಕಟ್ಟೆ ಮರಳಲಿಲ್ಲ.

ಬಂದೂಕಿನ ವ್ಯವಹಾರ ನಮ್ಮ ಓದುಗರಲ್ಲಿ ಬಹುಪಾಲು ಮಂದಿಗೆ ದೂರದ್ದು. ಆದರೆ ಎರಡು ಕಾರ್ಖಾನೆಗಳಲ್ಲಿ ತಯಾರಾಗುವ ಎರಡು ಬಿಡಿಭಾಗಗಳು ಪರಸ್ಪರ ಒಗ್ಗಿದಾಗಷ್ಟೇ ಕೆಲಸ ಮಾಡುವ ಸರಕುಗಳನ್ನು ನಾವೆಲ್ಲರೂ ತಯಾರಿಸುತ್ತೇವೆ ಅಥವಾ ಮಾರುತ್ತೇವೆ. ಅಂಥ ಜೋಡಿಯಲ್ಲಿ ಒಂದು ಅಳತೆ ಇನ್ನೊಂದನ್ನು ಹೇಗೆ ಕಟ್ಟಿಹಾಕುತ್ತದೆ ಎಂಬುದನ್ನು ಅಮೆರಿಕದ ಸಣ್ಣ ವ್ಯಾಸದ ರೈಫಲ್‌ಗಳ ಉದಾಹರಣೆಯಷ್ಟು ಸ್ಪಷ್ಟವಾಗಿ ತೋರಿಸುವ ವಿಷಯ ವಿರಳ.

ಅಳತೆಗಳ ಪರಿಚಯ

ಗುಂಡು, ಮದ್ದುಗಳ ತೂಕವನ್ನು ಆ ದೇಶದಲ್ಲಿ ಗ್ರೇನ್ ಎಂಬ ಹಳೆಯ ಮಾನದಲ್ಲಿ ಹೇಳುತ್ತಾರೆ. 7,000 ಗ್ರೇನ್ ಸೇರಿದರೆ ಒಂದು ಪೌಂಡು. ಒಂದು ಗ್ರೇನ್ ಎಂದರೆ 0.0648 ಗ್ರಾಂ. ಹೀಗಾಗಿ 77 ಗ್ರೇನ್ ಗುಂಡು ಸರಿಸುಮಾರು 5 ಗ್ರಾಂ ತೂಗುತ್ತದೆ. ನಳಿಕೆಯ ತಿರುಪನ್ನು ಇಂಚುಗಳಲ್ಲಿ ಹೇಳುವುದು ರೂಢಿ. 12 ಇಂಚಿನ ತಿರುಪೆಂದರೆ ಗುಂಡು 12 ಇಂಚು ಮುಂದೆ ಸಾಗುವಷ್ಟರಲ್ಲಿ ತನ್ನ ಅಕ್ಷದ ಸುತ್ತ ಒಮ್ಮೆ ತಿರುಗುತ್ತದೆ. 7 ಇಂಚಿನದಾದರೆ 7 ಇಂಚಿಗೇ ಒಂದು ಸುತ್ತು. ಆದ್ದರಿಂದ ಅಂಕಿ ಚಿಕ್ಕದಾದಷ್ಟೂ ತಿರುಪು ವೇಗದ್ದು. ಹೊಸಬರು ಇದನ್ನು ತಿರುವುಮುರುವಾಗಿ ಗ್ರಹಿಸುವುದು ಸಾಮಾನ್ಯವಾದ್ದರಿಂದ ಆರಂಭದಲ್ಲೇ ಹೇಳಿದ್ದೇನೆ. ಸಣ್ಣ ವ್ಯಾಸವೆಂದು ಇಲ್ಲಿ ಮುಖ್ಯವಾಗಿ ಉದ್ದೇಶಿಸಿರುವುದು .224 ಇಂಚಿನ, ಅಂದರೆ 5.69 ಮಿಲಿಮೀಟರಿನ ಗುಂಡನ್ನು. .223 ರೆಮಿಂಗ್ಟನ್, ಸೈನ್ಯದ 5.56 ಮಿಲಿಮೀಟರ್ ತೋಟಾ, .22-250 ಇವೆಲ್ಲವೂ ಬಳಸುವುದು ಇದೇ ಗುಂಡನ್ನು.

ಬುಗುರಿ ನಿಲ್ಲುವ ಲೆಕ್ಕ

ನಳಿಕೆಯಿಂದ ಹೊರಬಿದ್ದ ಗುಂಡಿಗೂ ಮಕ್ಕಳು ಆಡುವ ಬುಗುರಿಗೂ ಅನ್ವಯಿಸುವ ನಿಯಮ ಒಂದೇ. ಗಿರಕಿ ಸಾಕಷ್ಟಿದ್ದರೆ ಬುಗುರಿ ನೆಟ್ಟಗೆ ನಿಲ್ಲುತ್ತದೆ. ಕಡಿಮೆಯಾದರೆ ತೂರಾಡಿ ಬೀಳುತ್ತದೆ. ಗುಂಡಿನ ಮುಂಭಾಗವನ್ನು ಗಾಳಿ ಮೇಲಕ್ಕೋ ಪಕ್ಕಕ್ಕೋ ತಳ್ಳಿ ಉರುಳಿಸಲು ಯತ್ನಿಸುತ್ತದೆ, ಗಿರಕಿಯು ಅದನ್ನು ತಡೆಯುತ್ತದೆ. ಗುಂಡು ಉದ್ದವಾದಷ್ಟೂ ಗಾಳಿಗೆ ಸಿಗುವ ಸನ್ನೆಯ ತೋಳು ಉದ್ದವಾಗುವುದರಿಂದ ಹೆಚ್ಚು ಗಿರಕಿ ಬೇಕಾಗುತ್ತದೆ. ಸಾಲದೆಹೋದರೆ ಗುಂಡು ಅಡ್ಡಲಾಗಿ ಹೋಗಿ ಗುರಿಯ ಕಾಗದದಲ್ಲಿ ದುಂಡು ತೂತಿನ ಬದಲು ಗುಂಡಿನ ಪಕ್ಕದ ನೋಟದಂತಹ ಉದ್ದನೆಯ ತೂತು ಮೂಡುತ್ತದೆ. ಬೀಗದ ಕಿಂಡಿಯನ್ನು ಹೋಲುವುದರಿಂದ ಅಲ್ಲಿನವರು ಇದನ್ನು ‘ಕೀಹೋಲ್’ ಎನ್ನುತ್ತಾರೆ.

ಇಂಗ್ಲೆಂಡಿನ ವೂಲ್‌ವಿಚ್ ಸೈನಿಕ ಅಕಾಡೆಮಿಯಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಆಲ್‌ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ ಎಂಬುವರು 1879ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ ಗುಂಡಿನ ಉದ್ದದಿಂದ ಭಾಗಿಸಿದರೆ ಬೇಕಾದ ತಿರುಪು ಇಂಚಿನಲ್ಲಿ ದೊರೆಯುತ್ತದೆ. ಇಂದಿನ ಹೆಚ್ಚು ವೇಗದ ಗುಂಡುಗಳಿಗೆ 150ರ ಬದಲು 180 ಹಿಡಿಯುವುದುಂಟು. ಈ ಸೂತ್ರದಲ್ಲಿ ತೂಕದ ಮಾತೇ ಇಲ್ಲ, ಉದ್ದ ಮಾತ್ರ ಇದೆ ಎಂಬುದನ್ನು ಓದುಗರು ಗಮನಿಸಬೇಕು. ಸಿಯೆರಾ ಕಂಪನಿಯ 77 ಗ್ರೇನ್ ಮ್ಯಾಚ್‌ಕಿಂಗ್ ಗುಂಡಿನ ಉದ್ದ ಒಂದಿಂಚಿಗೆ ಕೂದಲೆಳೆಯಷ್ಟು ಕಡಿಮೆ, ಸುಮಾರು 0.99 ಇಂಚು. ವ್ಯಾಸದ ವರ್ಗ 0.0502. ಲೆಕ್ಕ ಮಾಡಿದರೆ 150ರ ಪ್ರಕಾರ 7.6 ಇಂಚು, 180ರ ಪ್ರಕಾರ 9.1 ಇಂಚು ಬರುತ್ತದೆ. ಸ್ಪರ್ಧೆಯ ರೈಫಲ್ ತಯಾರಕರು ಅನುಭವದಿಂದ ಕಂಡುಕೊಂಡ 8 ಇಂಚು ಈ ಎರಡರ ನಡುವೆಯೇ ಇದೆ. ನೂರಿಪ್ಪತ್ತೈದಕ್ಕೂ ಹೆಚ್ಚು ವರ್ಷಗಳ ಹಿಂದಿನ ಸೂತ್ರಕ್ಕೆ ಇದು ಕಡಿಮೆ ಸಾಧನೆಯೇನಲ್ಲ.

ಡಾನ್ ಮಿಲ್ಲರ್ ಎಂಬ ಅಮೆರಿಕದ ತಜ್ಞರು 2005ರಲ್ಲಿ ಇದಕ್ಕಿಂತ ಸೂಕ್ಷ್ಮವಾದ ಸೂತ್ರವನ್ನು ಪ್ರಕಟಿಸಿದರು. ಅದು ತೂಕ, ವ್ಯಾಸ, ಉದ್ದ, ತಿರುಪು ನಾಲ್ಕನ್ನೂ ಹಿಡಿದು ‘ಸ್ಥಿರತೆಯ ಅಂಕ’ವೊಂದನ್ನು ಕೊಡುತ್ತದೆ. ಅಂಕ 1ಕ್ಕಿಂತ ಕಡಿಮೆಯಾದರೆ ಗುಂಡು ಉರುಳುತ್ತದೆ, 1.5ರ ಆಸುಪಾಸು ಅಥವಾ ಅದಕ್ಕೂ ಮೇಲಿದ್ದರೆ ನಿಶ್ಚಿಂತೆ. ಇದೇ 77 ಗ್ರೇನ್ ಗುಂಡಿಗೆ ಲೆಕ್ಕ ಹಾಕಿದಾಗ 12 ಇಂಚಿನ ನಳಿಕೆಯಲ್ಲಿ 0.78, 9 ಇಂಚಿನಲ್ಲಿ 1.38, 8 ಇಂಚಿನಲ್ಲಿ 1.75, 7 ಇಂಚಿನಲ್ಲಿ 2.29 ಬರುತ್ತದೆ. 9 ಇಂಚಿನ ನಳಿಕೆಯುಳ್ಳವರಲ್ಲಿ ಒಬ್ಬನು 77 ಗ್ರೇನ್ ಚೆನ್ನಾಗಿ ಓಡುತ್ತದೆ ಎಂದರೆ ಇನ್ನೊಬ್ಬನು ಇಲ್ಲವೆನ್ನುವುದೇಕೆ ಎಂಬುದಕ್ಕೆ ಆ 1.38ರಲ್ಲೇ ಉತ್ತರವಿದೆ. ಬೇಸಿಗೆಯ ತೆಳುಗಾಳಿಯಲ್ಲಿ, ಎತ್ತರದ ಊರಿನಲ್ಲಿ ನಿಂತ ಗುಂಡು ಚಳಿಗಾಲದ ದಟ್ಟ ಗಾಳಿಯಲ್ಲಿ, ಸಮುದ್ರ ಮಟ್ಟದಲ್ಲಿ ಅಂಚಿಗೆ ಜಾರುತ್ತದೆ.

ಈ ಮಾತಿಗೆ ಇತಿಹಾಸದ ಸಾಕ್ಷ್ಯವೂ ಇದೆ. ಎಆರ್-15 ರೈಫಲ್‌ನ ಮೊದಲ ನಳಿಕೆಗಳಿಗೆ 14 ಇಂಚಿನ ತಿರುಪಿತ್ತು, ಗುಂಡು 55 ಗ್ರೇನ್. ಮಿಲ್ಲರ್ ಸೂತ್ರದಂತೆ ಅದರ ಅಂಕ ಹೆಚ್ಚು ಕಡಿಮೆ 1, ಅಂದರೆ ಕತ್ತಿಯ ಅಂಚಿನ ಮೇಲಿನ ನಡಿಗೆ. ಸಾಧಾರಣ ಹವೆಯಲ್ಲಿ ಕೆಲಸ ಸಾಗಿತು. ಅತಿಶೀತದ ಪರೀಕ್ಷೆಯಲ್ಲಿ ಗುಂಡುಗಳು ಗುರಿ ತಪ್ಪಿದವು. 1963ರಲ್ಲಿ ತಿರುಪನ್ನು 12 ಇಂಚಿಗೆ ಬದಲಿಸಲಾಯಿತು.

ಒಂದು ತೋಟಾ, ನಾಲ್ಕು ತಿರುಪು

ಅನಂತರದ ಬದಲಾವಣೆ ಇನ್ನೂ ಸ್ವಾರಸ್ಯಕರ. 1980ರಲ್ಲಿ ನೇಟೋ ಒಕ್ಕೂಟವು ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಸ್‌ಎಸ್109 ಎಂಬ 62 ಗ್ರೇನ್ ಗುಂಡನ್ನು ತನ್ನ ಮಾನಕವಾಗಿ ಸ್ವೀಕರಿಸಿತು. ಹಳೆಯ ಗುಂಡಿಗಿಂತ ಇದರ ತೂಕ ಕೇವಲ 7 ಗ್ರೇನ್ ಹೆಚ್ಚು. ಆದರೆ ಮೂತಿಯಲ್ಲಿ ಸೀಸಕ್ಕಿಂತ ಹಗುರವಾದ ಉಕ್ಕಿನ ತುಣುಕು ಇರುವುದರಿಂದ ಉದ್ದ ಸುಮಾರು 19ರಿಂದ 23 ಮಿಲಿಮೀಟರ್‌ಗೆ ಏರಿತು. ಇದಕ್ಕೂ 9 ಇಂಚಿನ ತಿರುಪು ಸಾಕಾಗುತ್ತಿತ್ತು. ಆದರೆ ರಾತ್ರಿ ಬೆಳಕು ಬಿಡುತ್ತಾ ಸಾಗುವ ಜೊತೆಗುಂಡೊಂದಿತ್ತಲ್ಲ, ಅದರ ಹೊಟ್ಟೆಯಲ್ಲಿ ಸೀಸದ ಬದಲು ಉರಿಯುವ ರಸಾಯನವಿದ್ದುದರಿಂದ ಉದ್ದ 29 ಮಿಲಿಮೀಟರ್ ಆಸುಪಾಸಿಗೆ ಹೋಯಿತು. ಆ ಒಂದು ಗುಂಡಿಗಾಗಿ ಇಡೀ ಸೈನ್ಯದ ನಳಿಕೆಗಳನ್ನು 7 ಇಂಚಿನ ತಿರುಪಿಗೆ ಕೊರೆಯಬೇಕಾಯಿತು. ಜೋಡಿಯಲ್ಲಿ ಅತ್ಯಂತ ಕಷ್ಟದ ಬಿಡಿಭಾಗವೇ ಉಳಿದೆಲ್ಲದರ ಅಳತೆಯನ್ನು ನಿರ್ಧರಿಸುತ್ತದೆ.

ಸೈನ್ಯದ ಅನಿವಾರ್ಯದಿಂದ ಬಂದ ಈ ವೇಗ ತಿರುಪು ನಾಗರಿಕ ಸ್ಪರ್ಧಾಳುಗಳಿಗೆ ಬೇಡದೆ ಬಂದ ಭಾಗ್ಯವಾಯಿತು. ಒಹಾಯೊ ರಾಜ್ಯದ ಕ್ಯಾಂಪ್ ಪೆರಿಯಲ್ಲಿ 1907ರಿಂದ ಅಮೆರಿಕದ ರಾಷ್ಟ್ರೀಯ ಗುರಿಕಾರಿಕೆಯ ಸ್ಪರ್ಧೆಗಳು ನಡೆಯುತ್ತ ಬಂದಿವೆ. ಅಲ್ಲಿ 600 ಗಜ, ಅಂದರೆ ಸುಮಾರು 550 ಮೀಟರಿನ ದೂರಕ್ಕೆ 55 ಗ್ರೇನ್‌ನ ಚಿಕ್ಕ ಗುಂಡನ್ನು ಗಾಳಿ ಎಳೆದೊಯ್ಯುತ್ತದೆ. ಉದ್ದನೆಯ, ಚೂಪು ಮೂತಿಯ, ಹಿಂಬದಿ ಕಿರಿದಾದ ಗುಂಡು ಗಾಳಿಯನ್ನು ಸುಲಭವಾಗಿ ಸೀಳುವುದರಿಂದ ಅಡ್ಡಗಾಳಿಗೆ ಅಷ್ಟು ಸರಿಯುವುದಿಲ್ಲ. ನಳಿಕೆಯ ತಿರುಪು ಅಡ್ಡಿ ಬಿಟ್ಟಿತೆಂದ ಮೇಲೆ ಗುಂಡು ತಯಾರಕರು ಸುಮ್ಮನಿರುವರೆ? 69, 77, 80, ಮುಂದೆ 90 ಗ್ರೇನ್ ಗುಂಡುಗಳು ಒಂದರ ಹಿಂದೊಂದು ಬಂದವು. 1990ರ ದಶಕದಲ್ಲಿ ಆ ಮೈದಾನದಲ್ಲಿ ದಪ್ಪ ವ್ಯಾಸದ ಹಳೆಯ ರೈಫಲ್‌ಗಳ ಸ್ಥಾನವನ್ನು ಸಣ್ಣ ವ್ಯಾಸದವು ಆಕ್ರಮಿಸಿಕೊಂಡವು.

ಸಣ್ಣ ಉದ್ದಿಮೆದಾರರಿಗೆ ಇಲ್ಲಿ ಒಂದು ಪ್ರಸಂಗ ಹೇಳಲೇಬೇಕು. ದಕ್ಷಿಣ ಡಕೋಟಾ ರಾಜ್ಯದ ರ‍್ಯಾಪಿಡ್ ಸಿಟಿಯ ಬ್ಲ್ಯಾಕ್ ಹಿಲ್ಸ್ ಎಂಬ ತೋಟಾ ಕಂಪನಿ ಗಾತ್ರದಲ್ಲಿ ವಿಂಚೆಸ್ಟರ್, ರೆಮಿಂಗ್ಟನ್‌ಗಳ ಪಕ್ಕ ನಿಲ್ಲುವಂಥದ್ದಲ್ಲ. ಆದರೆ 77 ಗ್ರೇನ್ ಸಿಯೆರಾ ಗುಂಡನ್ನು ತುಂಬಿದ ಅದರ ತೋಟಾವನ್ನು ಅಮೆರಿಕದ ನೌಕಾಪಡೆ ಎಂಕೆ 262 ಎಂಬ ಹೆಸರಿನಲ್ಲಿ ಸ್ವೀಕರಿಸಿತು. ಮೊದಲ ಮಾದರಿಯ ಗುಂಡಿನಲ್ಲಿ ಕೇಸಿನ ಬಾಯಿಯನ್ನು ಹಿಡಿದಿಡಲು ಸುತ್ತುಗೀರು ಇರಲಿಲ್ಲ. ಸ್ಪರ್ಧೆಯ ಗುಂಡಿಗೆ ಅದು ಬೇಕಿಲ್ಲ. ಸೈನಿಕನ ಕೈಯಲ್ಲಿ ಪೆಟ್ಟು ತಿನ್ನುವ ತೋಟಾಕ್ಕೆ ಬೇಕು. ಎರಡನೆಯ ಮಾದರಿಯಲ್ಲಿ ಆ ಗೀರು ಬಂದಿತು. ಗಿರಾಕಿ ಬದಲಾದಾಗ ಅದೇ ಸರಕಿಗೆ ಬೇಕಾಗುವ ತಿದ್ದುಪಡಿ ಎಷ್ಟು ಸಣ್ಣದಿರಬಲ್ಲದು ಎಂಬುದಕ್ಕೆ ಇದು ನಿದರ್ಶನ.

7 ಅಥವಾ 8 ಇಂಚಿನ ನಳಿಕೆಗೆ ಯಾವ ಗುಂಡು?

ಸರಳವಾಗಿ ಹೇಳುವುದಾದರೆ, ಮಾಡಬೇಕಾದ ಕೆಲಸಕ್ಕೆ ಒಪ್ಪುವ ಗುಂಡು. 200, 300 ಗಜಗಳ ಕ್ಷಿಪ್ರ ಸುತ್ತುಗಳಲ್ಲಿ ತೋಟಾಗಳು ಮ್ಯಾಗಜೀನಿನಿಂದಲೇ ಏರಬೇಕು. ಆ ಮ್ಯಾಗಜೀನಿಗೆ ಒಪ್ಪುವ ಒಟ್ಟು ಉದ್ದ 2.26 ಇಂಚು, ಅಂದರೆ 57.4 ಮಿಲಿಮೀಟರ್. ಈ ಅಳತೆಯೊಳಗೆ ಸಲೀಸಾಗಿ ಕೂರುವ ಸ್ಪರ್ಧೆಯ ಗುಂಡುಗಳಲ್ಲಿ 77 ಗ್ರೇನ್ ಹೆಚ್ಚುಕಡಿಮೆ ಮೇಲಿನ ಮಿತಿ. 80 ಗ್ರೇನ್ ಗುಂಡನ್ನು ಸರಿಯಾಗಿ ಕೂರಿಸಿದರೆ ತೋಟಾ ಮ್ಯಾಗಜೀನಿಗೆ ಹಿಡಿಸದು. ಆದ್ದರಿಂದ 600 ಗಜದ ನಿಧಾನ ಸುತ್ತಿನಲ್ಲಿ ಅದನ್ನು ಒಂದೊಂದಾಗಿ ಕೈಯಿಂದ ಹಾಕುತ್ತಾರೆ. ಒಬ್ಬನೇ ಸ್ಪರ್ಧಾಳು ಒಂದೇ ರೈಫಲ್‌ಗೆ ಎರಡು ಬಗೆಯ ತೋಟಾ ತುಂಬಿಟ್ಟುಕೊಳ್ಳುವುದು ಇದರಿಂದಲೇ.

ನಳಿಕೆ ವೇಗದ್ದೆಂದು ಹಗುರ ಗುಂಡು ಬಳಸಲೇಬಾರದೆಂದಿಲ್ಲ. ಆದರೆ ಗಿರಕಿಯ ಲೆಕ್ಕವನ್ನು ಒಮ್ಮೆ ನೋಡಬೇಕು. ಸೆಕೆಂಡಿಗೆ 3,300 ಅಡಿ ವೇಗದಲ್ಲಿ ಹೊರಡುವ ಗುಂಡು 12 ಇಂಚಿನ ನಳಿಕೆಯಿಂದ ನಿಮಿಷಕ್ಕೆ 1,98,000 ಸುತ್ತು ತಿರುಗುತ್ತದೆ. 7 ಇಂಚಿನ ನಳಿಕೆಯಿಂದ ಸುಮಾರು 3,40,000 ಸುತ್ತು. ಕೀಟಲೆ ಪ್ರಾಣಿಗಳ ಬೇಟೆಗೆಂದೇ ಕಾಗದದಷ್ಟು ತೆಳುವಾದ ತಾಮ್ರದ ಹೊದಿಕೆ ಕೊಟ್ಟ 40, 45 ಗ್ರೇನ್ ಗುಂಡುಗಳಲ್ಲಿ ಕೆಲವು ಈ ಕೇಂದ್ರಾಪಗಾಮಿ ಬಲವನ್ನು ತಾಳಲಾರದೆ ಕಾಗದ ಮುಟ್ಟುವ ಮೊದಲೇ ಬೂದು ಹೊಗೆಯ ಎಳೆಯಾಗಿ ಚದುರಿಹೋಗುತ್ತವೆ. ಗುರಿಯಲ್ಲಿ ತೂತೇ ಇಲ್ಲದಿರುವುದನ್ನು ಕಂಡು ದೂರದರ್ಶಕವನ್ನು ದೂಷಿಸಿದವರುಂಟು. ಹೊದಿಕೆ ದಪ್ಪವಿರುವ ಗುಂಡಿಗೆ ಈ ಭಯವಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಹೊದಿಕೆಯ ಗೋಡೆ ಒಂದು ಬದಿಗೆ ದಪ್ಪ, ಇನ್ನೊಂದು ಬದಿಗೆ ತೆಳುವಾಗಿದ್ದರೆ ಗುಂಡಿನ ತೂಕದ ಕೇಂದ್ರ ಅಕ್ಷದಿಂದ ಸರಿಯುತ್ತದೆ. ನಿಧಾನ ತಿರುಪಿನಲ್ಲಿ ಮುಚ್ಚಿಹೋಗುವ ಈ ದೋಷವನ್ನು ವೇಗ ತಿರುಪು ಎತ್ತಿ ತೋರಿಸುತ್ತದೆ. ವೇಗ ತಿರುಪು ಹಗುರ ಗುಂಡನ್ನು ಕೆಡಿಸುತ್ತದೆಂಬ ಮಾತು ಬಹಳ ಕಾಲದಿಂದ ಪ್ರಚಲಿತವಿದೆ. ವಾಸ್ತವವಾಗಿ ಅದು ಕೆಡಿಸುವುದು ಕಳಪೆ ಗುಂಡನ್ನು. ಲೇತಿನಲ್ಲಿ ಏಕಕೇಂದ್ರೀಯತೆಯನ್ನು ಕಾಯ್ದುಕೊಳ್ಳಲು ಒದ್ದಾಡುವ ನಮ್ಮ ಉತ್ಪಾದಕರಿಗೆ ಇದನ್ನು ವಿವರಿಸಬೇಕಿಲ್ಲ.

ಸೀಸರಹಿತ ಗುಂಡುಗಳಿಂದ ಈ ಲೆಕ್ಕ ಇನ್ನಷ್ಟು ಮುಖ್ಯವಾಗಿದೆ. ಕ್ಯಾಲಿಫೋರ್ನಿಯಾ ರಾಜ್ಯವು 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸರಹಿತ ಗುಂಡನ್ನು ಕಡ್ಡಾಯ ಮಾಡಿತು. ಸೀಸದ ಸಾಂದ್ರತೆ 11.3, ತಾಮ್ರದ್ದು 8.96. ಅಂದಮೇಲೆ ಅದೇ ತೂಕದ ತಾಮ್ರದ ಗುಂಡು ಉದ್ದವಾಗಿಯೇ ಇರುತ್ತದೆ; ಅದಕ್ಕೆ ವೇಗ ತಿರುಪೇ ಬೇಕು. ಪೆಟ್ಟಿಗೆಯ ಮೇಲಿನ ಗ್ರೇನ್ ನೋಡಿ, ಹಿಂದೆ ಇದೇ ತೂಕದ್ದು ಓಡಿತ್ತಲ್ಲ ಎಂದು ತಂದವನ ಹಳೆಯ 12 ಇಂಚಿನ ನಳಿಕೆಯಲ್ಲಿ ಅದು ಅಡ್ಡ ಹೋದೀತು. ಇದರ ತಿರುಗನ್ನೂ ನೋಡಬಹುದು: ಮೊದಲಿನ .244 ರೆಮಿಂಗ್ಟನ್ ರೈಫಲ್‌ಗಳಲ್ಲಿ ಹಲವು ಮೊಂಡು ಮೂತಿಯ, ಚಪ್ಪಟೆ ತಳದ 100 ಗ್ರೇನ್ ಗುಂಡನ್ನು ಚೆನ್ನಾಗಿಯೇ ಹೊಡೆಯುತ್ತಿದ್ದವು, ಏಕೆಂದರೆ ಅದು ತೂಕದಲ್ಲಿ ಹೆಚ್ಚಿದ್ದರೂ ಉದ್ದದಲ್ಲಿ ಗಿಡ್ಡ. ಆದರೆ ಅಷ್ಟರಲ್ಲಿ ರೈಫಲ್‌ಗೆ ಹೆಸರು ಕೆಟ್ಟಿತ್ತು.

ಕೈಯಿಂದ ತುಂಬಿದ ತೋಟಾ

ಸ್ಪರ್ಧಾಳುಗಳಲ್ಲಿ ಬಹಳ ಮಂದಿ ಅಲ್ಲಿ ಕಾರ್ಖಾನೆಯ ತೋಟಾ ಕೊಳ್ಳುವ ಬದಲು ತಾವೇ ತುಂಬಿಕೊಳ್ಳುತ್ತಾರೆ. ಹಿತ್ತಾಳೆಯ ಕೇಸನ್ನು ಮತ್ತೆ ಮತ್ತೆ ಬಳಸಬಹುದಾದ್ದರಿಂದ ಉಳಿತಾಯವೂ ಇದೆ; ಆದರೆ ಮುಖ್ಯ ಕಾರಣ ತಮ್ಮ ನಳಿಕೆಗೆ ತಕ್ಕ ಜೋಡಿಯನ್ನು ಹುಡುಕುವುದು. ಈ ಹವ್ಯಾಸದ ಸುತ್ತ ಬೆಳೆದ ಉದ್ಯಮದ ಮೂಲವೂ ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದಲ್ಲಿ ಗುಂಡುಗಳ ಅಭಾವ ಬಂದಾಗ ಫ್ರೆಡ್ ಹಂಟಿಂಗ್ಟನ್ ಎಂಬುವರು 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ, ಹಾರಿಸಿ ಎಸೆದ .22 ರಿಮ್‌ಫೈರ್ ತೋಟಾದ ಖಾಲಿ ಕೇಸುಗಳನ್ನೇ ಗುಂಡಿನ ಹೊದಿಕೆಯಾಗಿ ಒತ್ತುವ ಡೈಗಳನ್ನು ತಯಾರಿಸಿದರು. ಮುಂದೆ ತೋಟಾ ತುಂಬುವ ಪ್ರೆಸ್ಸು, ಡೈಗಳಿಗೆ ಹೆಸರಾದ ಆರ್‌ಸಿಬಿಎಸ್ ಸಂಸ್ಥೆ ಹುಟ್ಟಿದ್ದು ಹೀಗೆ. ಕಸದಿಂದ ಕಚ್ಚಾಮಾಲು ಎಂಬುದು ನಮ್ಮ ಕಾಲದ ಕಂಡುಹಿಡಿಕೆಯಲ್ಲ.

ತೋಟಾ ತುಂಬುವವನು ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಉದ್ದ ಗುಂಡು ಮದ್ದಿನ ಜಾಗವನ್ನು ಕಬಳಿಸುತ್ತದೆ. ಒಟ್ಟು ಉದ್ದ 57.4 ಮಿಲಿಮೀಟರಿಗೆ ಕಟ್ಟುಬಿದ್ದಿರುವಾಗ ಗುಂಡು ಉದ್ದವಾದಷ್ಟೂ ಅದರ ಬಾಲ ಕೇಸಿನೊಳಕ್ಕೆ ಇಳಿಯುತ್ತದೆ. ಒಳಗಿನ ಜಾಗ ಕುಗ್ಗಿದರೆ ಅಷ್ಟೇ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಭಾರದ ಗುಂಡು ಮುಂದೆ ಸರಿಯಲು ತಡಮಾಡುವುದರಿಂದ ಒತ್ತಡ ಮತ್ತೂ ಏರುತ್ತದೆ. 55 ಗ್ರೇನ್ ಗುಂಡಿಗೆ ಹೇಳಿದ ಮದ್ದಿನ ಪ್ರಮಾಣವನ್ನು 77 ಗ್ರೇನ್ ಗುಂಡಿನ ಹಿಂದೆ ಸುರಿದವನು ತನ್ನ ಮುಖದ ಮುಂದೆಯೇ ಅಪಾಯವನ್ನು ಹಿಡಿದುಕೊಂಡಂತೆ. ಗುಂಡು ಮತ್ತು ಮದ್ದಿನ ತಯಾರಕರು ಪ್ರತಿಯೊಂದು ಗುಂಡಿಗೂ ಪ್ರಯೋಗಶಾಲೆಯಲ್ಲಿ ಅಳೆದು ಪ್ರಕಟಿಸುವ ಕೈಪಿಡಿಯೇ ಇಲ್ಲಿ ಪ್ರಮಾಣ. ಅದರ ಕನಿಷ್ಠ ಪ್ರಮಾಣದಿಂದ ಆರಂಭಿಸಿ, ಸಣ್ಣ ಸಣ್ಣ ಏರಿಕೆಗಳಲ್ಲಿ ಮೇಲೇರುತ್ತ, ಚಪ್ಪಟೆಯಾದ ಪ್ರೈಮರ್, ಕೇಸಿನ ತಳದಲ್ಲಿ ಹೊಳೆಯುವ ಗುರುತು, ಬಿಗಿಯಾಗುವ ಬೋಲ್ಟು ಇಂತಹ ಒತ್ತಡದ ಚಿಹ್ನೆಗಳು ಕಂಡೊಡನೆ ಹಿಂದೆ ಸರಿಯುವುದು ಅನುಭವಿಗಳ ಕ್ರಮ. ನೆರೆಯವನ ರೈಫಲ್‌ಗೆ ಒಪ್ಪಿದ ಪ್ರಮಾಣ ನಮ್ಮದಕ್ಕೆ ಒಪ್ಪುತ್ತದೆಂಬ ಖಾತರಿಯಿಲ್ಲದ್ದರಿಂದ ಇಲ್ಲಿ ಯಾವ ಪ್ರಮಾಣವನ್ನೂ ಕೊಟ್ಟಿಲ್ಲ.

ತೋಟಾ ಕೂರುವ ಗೂಡಿನ ಅಳತೆಯೂ ಗಮನಾರ್ಹ. .223 ಎಂದು ಮುದ್ರೆಯಿರುವ ನಳಿಕೆಗೂ 5.56 ಎಂದು ಮುದ್ರೆಯಿರುವ ನಳಿಕೆಗೂ ತೋಟಾದ ಹೊರ ಆಕಾರ ಒಂದೇ. ಆದರೆ ಗುಂಡು ತೋಡುಗಳನ್ನು ಮುಟ್ಟುವ ಮೊದಲಿನ ಕಂಠಭಾಗ 5.56ರಲ್ಲಿ ಉದ್ದ. ಸೈನ್ಯದ ತೋಟಾವನ್ನು ಗಿಡ್ಡ ಕಂಠದ .223 ಗೂಡಿನಲ್ಲಿ ಹಾರಿಸಿದರೆ ಒತ್ತಡ ಮಿತಿ ಮೀರಬಹುದು. ಈ ಎರಡಕ್ಕೂ ಒಪ್ಪುವ, 80 ಗ್ರೇನ್ ಗುಂಡನ್ನು ಮನಸ್ಸಿನಲ್ಲಿಟ್ಟು ಬಿಲ್ ವೈಲ್ಡ್ ಎಂಬ ಬಂದೂಕು ಕುಶಲಿ ರೂಪಿಸಿದ ಗೂಡನ್ನು .223 ವೈಲ್ಡ್ ಎಂದೇ ಕರೆಯುತ್ತಾರೆ.

ಉಳಿದದ್ದು ಏಕರೂಪತೆಯ ಸಾಧನೆ. ಒಂದೇ ಕಂಪನಿಯ, ಒಂದೇ ಲಾಟಿನ ಕೇಸುಗಳನ್ನು ಬೇರ್ಪಡಿಸುವುದು, ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸುವುದು, ಮದ್ದಿನ ಡಬ್ಬಿ ಬದಲಾದಾಗ ಕೆಳಗಿನಿಂದ ಮತ್ತೆ ಪರೀಕ್ಷೆ ಆರಂಭಿಸುವುದು. ಬೇಸರದ ಕೆಲಸ, ಆದರೆ ಫಲ ಕೊಡುವುದು ಇದೇ.

ಪೆಟ್ಟಿಗೆಯ ಮೇಲೆ ಇಲ್ಲದ ಅಂಕಿ

ವ್ಯಾಪಾರಿಯ ದೃಷ್ಟಿಯಿಂದ ಈ ಇಡೀ ವ್ಯವಹಾರದ ದುರ್ಬಲ ಕೊಂಡಿ ಒಂದೇ. ತೋಟಾದ ಹೆಸರು ನಳಿಕೆಯ ತಿರುಪನ್ನು ಹೇಳುವುದಿಲ್ಲ. ಅಮೆರಿಕದಲ್ಲಿ 1926ರಲ್ಲಿ ಸ್ಥಾಪನೆಯಾದ ಸಾಮಿ ಎಂಬ ತಯಾರಕರ ಸಂಸ್ಥೆ ತೋಟಾ ಮತ್ತು ಗೂಡಿನ ಅಳತೆ, ಒತ್ತಡದ ಮಿತಿ ಇವುಗಳನ್ನು ನಿಗದಿಪಡಿಸುತ್ತದೆ, ಯಾವ ಕಂಪನಿಯ.223 ತೋಟಾ ಕೊಂಡರೂ ಯಾವ ಕಂಪನಿಯ .223 ರೈಫಲ್‌ಗೂ ಕೂರುತ್ತದೆ. ಆದರೆ ಕೂರುವುದು ಬೇರೆ, ಗುರಿ ಮುಟ್ಟುವುದು ಬೇರೆ. .223 ಎಂಬ ಒಂದೇ ಮುದ್ರೆಯಡಿ 12, 9, 8, 7 ಇಂಚಿನ ನಳಿಕೆಗಳು ಮಾರಾಟವಾಗಿವೆ. ಅಂಗಡಿಯವನು ಗಿರಾಕಿಯ ತಿರುಪು ಕೇಳದೆ 77 ಗ್ರೇನ್ ಪೆಟ್ಟಿಗೆ ಕೊಟ್ಟರೆ ಮರುದಿನ ಅದು ದೂರಿನೊಡನೆ ಹಿಂದಿರುಗುತ್ತದೆ. ಆಗ ತಪ್ಪು ಗುಂಡಿನದೂ ಅಲ್ಲ, ರೈಫಲ್‌ನದೂ ಅಲ್ಲ. ತಿರುಪನ್ನು ಅಳೆಯುವುದೇನೂ ಕಷ್ಟವಲ್ಲ. ಖಾಲಿ ಎಂದು ಖಚಿತಪಡಿಸಿಕೊಂಡ ರೈಫಲ್‌ನ ನಳಿಕೆಗೆ, ಹಿಡಿಯಲ್ಲಿ ತಿರುಗುವ ಬೇರಿಂಗ್ ಇರುವ ಶುಚಿಮಾಡುವ ಸಲಾಕೆಯ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ತೂರಿಸಬೇಕು. ಸಲಾಕೆಯ ಮೇಲೊಂದು ಗುರುತು ಹಾಕಿ, ಅದು ಒಂದು ಪೂರ್ಣ ಸುತ್ತು ಬರುವವರೆಗೆ ಎಷ್ಟು ಇಂಚು ಒಳಗೆ ಹೋಯಿತೆಂದು ಅಳೆದರೆ ಮುಗಿಯಿತು.

ಹೊಸ ತೋಟಾಗಳನ್ನು ರೂಪಿಸುವವರು ಈ ಕೊಂಡಿಯನ್ನು ಈಗ ಬಿಗಿಗೊಳಿಸುತ್ತಿದ್ದಾರೆ. 1965ರಲ್ಲಿ ಕಂಪನಿಯ ಸರಕಾಗಿ ಬಂದ .22-250 ತೋಟಾಕ್ಕೆ ಮದ್ದಿನ ಶಕ್ತಿ ಧಾರಾಳವಾಗಿದ್ದರೂ ರೂಢಿಯ 14 ಇಂಚಿನ ತಿರುಪಿನಿಂದಾಗಿ ಅದು ದಶಕಗಳ ಕಾಲ ಹಗುರ ಗುಂಡಿಗೇ ಕಟ್ಟುಬಿದ್ದಿತ್ತು. ಫೆಡರಲ್ ಕಂಪನಿ 2018ರಲ್ಲಿ ತಂದ .224 ವಾಲ್ಕಿರಿ, ಹಾರ್ನಡಿ ಕಂಪನಿ 2024ರಲ್ಲಿ ತಂದ 22 ಎಆರ್‌ಸಿ ಇವೆರಡನ್ನೂ ಆರಂಭದಿಂದಲೇ 7 ಇಂಚಿನ ತಿರುಪು ಮತ್ತು 90 ಗ್ರೇನ್ ಆಸುಪಾಸಿನ ಉದ್ದ ಗುಂಡನ್ನು ಜೋಡಿಯಾಗಿ ಎಣಿಸಿಯೇ ರೂಪಿಸಲಾಯಿತು. ವಾಲ್ಕಿರಿಯ 90 ಗ್ರೇನ್ ಗುಂಡಿಗೆ 7 ಇಂಚೂ ಸಾಲದೆಂದು ಕೆಲವು ನಳಿಕೆ ತಯಾರಕರು 6.5 ಇಂಚಿನದನ್ನು ಮಾರತೊಡಗಿದರು.

ನಮ್ಮಲ್ಲಿ ಕಾನೂನು

ಮೇಲೆ ಹೇಳಿದ ಹವ್ಯಾಸವನ್ನು ನಮ್ಮ ದೇಶದಲ್ಲಿ ಯಾರೂ ಕುತೂಹಲಕ್ಕೆಂದು ಕೈಗೆತ್ತಿಕೊಳ್ಳುವಂತಿಲ್ಲ. 1959ರ ಶಸ್ತ್ರಾಸ್ತ್ರ ಅಧಿನಿಯಮದ 5ನೇ ಪ್ರಕರಣದಂತೆ ಪರವಾನಗಿಯಿಲ್ಲದೆ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ತಯಾರಿಸುವುದೂ ಮಾರುವುದೂ ಅಪರಾಧ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ತಯಾರಿಕೆಗಲ್ಲ.

ನಮ್ಮ ಯಂತ್ರಾಗಾರಗಳ ಮಾಲೀಕರು ವಿಶೇಷವಾಗಿ ಗಮನಿಸಬೇಕಾದದ್ದು ಅದೇ ಅಧಿನಿಯಮದ ವ್ಯಾಖ್ಯೆಗಳನ್ನು. ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ‘ಮದ್ದುಗುಂಡು’ ಎಂಬ ಶಬ್ದದ ವ್ಯಾಪ್ತಿಗೇ ಸೇರುತ್ತವೆ. ರಕ್ಷಣಾ ಉತ್ಪಾದನೆಯನ್ನು ಸರ್ಕಾರ 2001ರಲ್ಲಿ ಖಾಸಗಿ ವಲಯಕ್ಕೆ ತೆರೆದ ಮೇಲೆ ಇಂತಹ ಬಿಡಿಭಾಗಗಳ ವಿಚಾರಣೆ ಸಣ್ಣ ಉದ್ದಿಮೆಗಳವರೆಗೂ ಬರುವ ಸಂಭವವಿದೆ. ತಾಮ್ರದ ಬಟ್ಟಲನ್ನೋ ಹಿತ್ತಾಳೆಯ ಕೊಳವೆಯನ್ನೋ ನಕ್ಷೆಯಂತೆ ಒತ್ತಿಕೊಡಿ ಎಂಬ ಆದೇಶ ಬಂದಾಗ, ಅದು ಕೊನೆಗೆ ಯಾವ ಸರಕಿನ ಭಾಗವಾಗಲಿದೆ ಎಂದು ಲಿಖಿತವಾಗಿ ಕೇಳಿ, ಆದೇಶ ಕೊಟ್ಟವರ ಪರವಾನಗಿಯ ಪ್ರತಿಯನ್ನು ಪಡೆದು, ತಮಗೂ ಪರವಾನಗಿ ಬೇಕೇ ಎಂಬುದನ್ನು 2016ರ ಶಸ್ತ್ರಾಸ್ತ್ರ ನಿಯಮಗಳ ಬೆಳಕಿನಲ್ಲಿ ವಕೀಲರಿಂದ ಖಚಿತಪಡಿಸಿಕೊಂಡ ಬಳಿಕವೇ ಡೈ ಕೆತ್ತಲು ಕೈಹಾಕುವುದು ಯುಕ್ತ. ಒಪ್ಪಿಕೊಂಡರೆ ನಕ್ಷೆಯಲ್ಲಿ ಗೋಡೆಯ ದಪ್ಪಕ್ಕೆ ಎಷ್ಟು ಏರುಪೇರು ಸಲ್ಲುತ್ತದೆ ಎಂಬುದನ್ನು ಬೆಲೆ ಹೇಳುವ ಮೊದಲೇ ನೋಡಿಕೊಳ್ಳಬೇಕು. ಗುಂಡಿನ ಹೊದಿಕೆಯಲ್ಲಿ ಹಣವೆಲ್ಲ ಖರ್ಚಾಗುವುದು ಆ ಒಂದು ಅಂಕಿಯಲ್ಲಿ.